ಕೋಚ್ ಮೇಡಂನ ಅತ್ತೆ

ಬರುವ ನವೆಂಬರಿಗೆ ವನಜಮ್ಮನಿಗೆ ಅರವತ್ತು ತುಂಬುತ್ತಿತ್ತು. ಊರ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಶುರುವಾದ ದಿನದಿಂದಲೂ ಅನ್ನದ ಪಾತ್ರೆಯ ಮುಂದೆ ನಿಂತವಳು ಅವಳು. ಅರವತ್ತಾದ ಅಡುಗೆಯವರು ಕೆಲಸ ಬಿಡಬೇಕೆಂಬ ನಿಯಮ ಕೇಳಿದಾಗಲೇ ಮನಸ್ಸಿನಲ್ಲಿ ಒಂದು ತೀರ್ಮಾನ ಮಾಡಿಕೊಂಡಿದ್ದಳು. ತನ್ನ ಜಾಗಕ್ಕೆ ಸೊಸೆ ಮಮತಾ ಬರಬೇಕು. ಜುಲೈ ತಿಂಗಳ ಒಂದು ಮಧ್ಯಾಹ್ನ, ಮಕ್ಕಳೆಲ್ಲ ಉಂಡು ತಟ್ಟೆ ತೊಳೆದು ಹೋದ ಮೇಲೆ, ಹೆಡ್‌ಮೇಡಂ ಹತ್ತಿರ ಆ ಮಾತೆತ್ತಿದಳು. ಶಾಲೆಯ ಸಮಿತಿಯವರು ಒಪ್ಪಿದರೆ ತಮ್ಮದೇನೂ ಅಡ್ಡಿಯಿಲ್ಲ, ಇಷ್ಟು ವರ್ಷ ಒಂದು ದಿನವೂ ತಪ್ಪಿಸದೆ ಬೇಯಿಸಿ ಹಾಕಿದವಳ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ ಎಂದು ಅವರು ಹೇಳಿದರು. ವನಜಮ್ಮ ಮಳೆಯಲ್ಲಿ ಕೊಡೆ ಬಿಚ್ಚುವುದನ್ನೂ ಮರೆತು ಮನೆಗೆ ಬಂದಳು.

ಮನೆ ಇದ್ದದ್ದು ಶಿಕಾರಿಪುರದಿಂದ ಆನವಟ್ಟಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಗಂಡ ಸಣ್ಣಬೀರಪ್ಪನಿಗೆ ಎರಡೆಕರೆ ಗೋವಿನಜೋಳದ ಹೊಲ, ನಲವತ್ತು ಕುರಿ. ಮಗ ಪರಶುರಾಮ ದಿನಾ ಬೈಕಿನಲ್ಲಿ ಶಿಕಾರಿಪುರದ ಮಾರುಕಟ್ಟೆಗೆ ಹೋಗಿ ಮಂಡಿಯೊಂದರಲ್ಲಿ ಚೀಲ ತೂಗುವ ಕೆಲಸ ಮಾಡುತ್ತಿದ್ದ. ಮೊಮ್ಮಗಳು ದಿವ್ಯಾಳಿಗೆ ಇನ್ನೂ ಮೂರೂವರೆ ವರ್ಷ.

ಸೊಸೆ ಮಮತಾ ಸೊರಬದ ಕಡೆಯವಳು, ಗುಡವಿ ಕೆರೆಯ ಹತ್ತಿರದ ಊರು. ಮದುವೆಗೆ ಮುಂಚೆ ಅವಳು ಫುಟ್‌ಬಾಲ್ ಆಡುತ್ತಿದ್ದಳು. ಹನ್ನೆರಡನೇ ವಯಸ್ಸಿಗೆ ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾಗಿ, ಹದಿನೆಂಟಕ್ಕೆ ಬೆಂಗಳೂರಿನ ಒಂದು ಕ್ಲಬ್ಬಿಗೆ ಸಂಬಳದ ಆಟಗಾರ್ತಿಯಾಗಿ ಸೇರಿ, ಅಲ್ಲಿಂದ ಕೋಲ್ಕತ್ತ, ಭುವನೇಶ್ವರ ಎಂದು ಏಳು ವರ್ಷ ಆಟವೇ ಹೊಟ್ಟೆಪಾಡಾಗಿ ಬದುಕಿದ್ದಳು. ಎಡಗಡೆ ನಿಂತು ಎದುರಾಳಿಗಳನ್ನು ತಡೆಯುವ ಸಾಲಿನವಳು. ಒಂದು ಪಂದ್ಯದಲ್ಲಿ ಬಲಮೊಣಕಾಲು ತಿರುಚಿ ಬಿದ್ದಳು. ಆಪರೇಷನ್ ಆಯಿತು. ಮತ್ತೆ ಒಂದು ಋತು ಆಡಿದಳು, ಆದರೆ ಕಾಲು ಮೊದಲಿನಂತಿರಲಿಲ್ಲ. ಆಮೇಲೆ ಯಾವ ಕ್ಲಬ್ಬಿನವರೂ ಕರೆಯಲಿಲ್ಲ. ಊರಿಗೆ ಬಂದವಳಿಗೆ ಅಪ್ಪ ಗಂಡು ಹುಡುಕಿದ. ಹೆಣ್ಣು ನೋಡಲು ಹೋದಾಗ ವನಜಮ್ಮ ಕಾಲಿನ ಹೊಲಿಗೆ ಗುರುತು ನೋಡಿ, ನೀರಿನ ಕೊಡ ಎತ್ತಲಾಗುತ್ತದೋ ಎಂದು ಕೇಳಿದ್ದಳು. ಎರಡು ಕೊಡ ಬೇಕಾದರೂ ಎತ್ತುತ್ತೇನೆ, ಓಡುವುದೊಂದು ಆಗುವುದಿಲ್ಲ ಎಂದಿದ್ದಳು ಮಮತಾ. ಆ ನೇರ ಮಾತಿಗೇ ವನಜಮ್ಮ ಒಪ್ಪಿದ್ದು.

ಅವತ್ತು ಸಂಜೆ ಎಲ್ಲರೂ ರೊಟ್ಟಿ, ಹೆಸರುಕಾಳು ಪಲ್ಯದ ಮುಂದೆ ಕೂತಾಗ ವನಜಮ್ಮ ಶಾಲೆಯ ಸುದ್ದಿ ಹೇಳಿದಳು. ಹತ್ತಿರದಲ್ಲೇ ಕೆಲಸ, ಮಗುವನ್ನು ಕಣ್ಣೆದುರೇ ಇಟ್ಟುಕೊಳ್ಳಬಹುದು, ಮೂರು ಗಂಟೆಗೆ ಮನೆ. ಮಮತಾ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿದಳು. ನಾನೂ ಒಂದು ಮಾತು ಹೇಳಬೇಕೆಂದಿದ್ದೆ ಎಂದು ಶುರುಮಾಡಿದಳು. ಫುಟ್‌ಬಾಲ್ ಕೋಚ್ ಲೈಸೆನ್ಸಿನ ಕೋರ್ಸಿಗೆ ಅವಳಿಗೆ ಸೀಟು ಸಿಕ್ಕಿತ್ತು. ಆಗಸ್ಟಿನಲ್ಲಿ ಎರಡು ವಾರ, ಮತ್ತೆ ನವೆಂಬರಿನಲ್ಲಿ ಒಂದು ವಾರ. ನಡೆಯುವುದು ಗೋವಾದಲ್ಲಿ. ಜೊತೆಯಲ್ಲಿ ಆಡುತ್ತಿದ್ದ ಗೆಳತಿಯರೇ ಶುಲ್ಕ ಕಟ್ಟಿದ್ದರು.

“ಆಟ ಆಡಾಕೆ ಆಗಲ್ಲ ಅಂತ ತಾನೇ ಬಿಟ್ಟು ಬಂದಿದ್ದು?” ಎಂದಳು ವನಜಮ್ಮ.

“ಆಡೋಕಲ್ಲ ಅತ್ತೆ, ಆಡ್ಸೋಕೆ.”

“ಯಾರನ್ನ ಆಡಿಸ್ತಿ? ಇಲ್ಲಿ ಯಾರದಾರೆ?”

“ಅದನ್ನ ಆಮೇಲೆ ನೋಡ್ಬೇಕು.”

“ಕೈಯಾಗಿರೋ ಕೆಲಸ ಬಿಟ್ಟು ಆಮೇಲೆ ನೋಡಾದಕ್ಕೆ ಹೋಗ್ತಾಳಂತೆ. ಕೇಳಿಸ್ಕಂಡೇನೋ ಪರಶು?”

ಪರಶುರಾಮ ತಲೆ ಎತ್ತಲಿಲ್ಲ. ಅವನಿಗೆ ಮೊದಲೇ ಗೊತ್ತಿತ್ತೆಂದು ವನಜಮ್ಮನಿಗೆ ಆಗ ಹೊಳೆಯಿತು. ಗೋವಾಕ್ಕಿಂತ ಅದೇ ಅವಳಿಗೆ ಹೆಚ್ಚು ಚುಚ್ಚಿತು. ಮಗುವನ್ನು ಯಾರು ನೋಡಬೇಕು, ಬೆಳಿಗ್ಗೆ ಮನೆ ಅಡುಗೆ ಯಾರು ಮಾಡಬೇಕು ಎಂದು ಒಂದೊಂದಾಗಿ ಕೇಳತೊಡಗಿದಳು. ಸಣ್ಣಬೀರಪ್ಪ ಮೊಮ್ಮಗಳ ಬಾಯಿಗೆ ತುತ್ತಿಡುತ್ತ, ಮಗುವನ್ನು ತಾನು ನೋಡಿಕೊಳ್ಳುವೆನೆಂದೂ ನವೆಂಬರು ಇನ್ನೂ ದೂರವಿದೆಯೆಂದೂ ಹೇಳಿದ. ಹೆಂಡತಿ ಅವನನ್ನು ದುರುಗುಟ್ಟಿ ನೋಡಿ ತಟ್ಟೆ ಎತ್ತಿಕೊಂಡು ಎದ್ದಳು.

ಆಗಸ್ಟಿನಲ್ಲಿ ಮಮತಾ ಹೋದಳು. ಸಣ್ಣಬೀರಪ್ಪ ಮಾತಿಗೆ ತಪ್ಪದೆ ದಿವ್ಯಾಳಿಗೆ ಮಳೆಗೆಂದು ಸಣ್ಣ ಪ್ಲಾಸ್ಟಿಕ್ ಕೊಪ್ಪೆ ಹೊದಿಸಿ ಕುರಿಯ ಹಿಂದೆ ಕರೆದೊಯ್ದ. ನಾಲ್ಕನೇ ದಿನಕ್ಕೆ ಮಗು ಮೂಗು ಸುರಿಸುತ್ತ, ಮೈಯೆಲ್ಲ ಕುರಿವಾಸನೆ ಹೊತ್ತು ಬಂತು. ಐದನೇ ದಿನದಿಂದ ವನಜಮ್ಮ ಅದನ್ನು ಅಂಗನವಾಡಿಗೆ ಬಿಟ್ಟು ಶಾಲೆಗೆ ಹೋದಳು. ಪರಶುರಾಮ ನಲ್ಲಿಯ ಹತ್ತಿರ ಕೂತು ಬಟ್ಟೆ ಒಗೆದ. ಪಕ್ಕದ ಮನೆಯವರು ಬೇಲಿಯ ಮೇಲಿಂದ ಇಣುಕಿ, ಸೊಸೆ ಗೋವಾದಿಂದ ಯಾವಾಗ ಬರುತ್ತಾಳೆಂದು ಕೇಳಿದರು. ಗೋವಾ ಎನ್ನುವಾಗ ಅವರ ಧ್ವನಿ ಬದಲಾಗುತ್ತಿತ್ತು. ಓದಲು ಹೋಗಿದ್ದಾಳೆ, ಮುಗಿದ ಮೇಲೆ ಬರುತ್ತಾಳೆ ಎಂದು ವನಜಮ್ಮ ಗಡುಸಾಗಿ ಉತ್ತರಿಸಿ ಒಳಗೆ ಬರುತ್ತಿದ್ದಳು. ಒಳಗೆ ಬಂದು ಸೊಸೆಯನ್ನು ತಾನೇ ಬೈದುಕೊಳ್ಳುತ್ತಿದ್ದಳು. ಬೆಳಿಗ್ಗೆ ಐದಕ್ಕೆ ಎದ್ದು ಮನೆಯ ರೊಟ್ಟಿ, ಆಮೇಲೆ ಶಾಲೆಯ ಅನ್ನ, ಸಂಜೆ ಮತ್ತೆ ಮನೆಯ ಸಾರು. ಸೊಂಟ ಹಿಡಿದುಕೊಳ್ಳುತ್ತಿತ್ತು. ದಿನಾ ಸಂಜೆ ಮಮತಾ ಫೋನು ಮಾಡಿದರೆ, ಊಟ ಆಯಿತೇ ಎಂಬ ಒಂದೇ ಮಾತು ಕೇಳಿ ಫೋನನ್ನು ಮಗುವಿನ ಕೈಗೆ ಕೊಡುತ್ತಿದ್ದಳು.

ಎರಡು ವಾರ ಕಳೆದು ಮಮತಾ ಬಂದಾಗ ಅವಳ ಹೆಗಲಲ್ಲಿ ಹಳೆಯ ಚೆಂಡುಗಳು ತುಂಬಿದ ಬಲೆಯ ಚೀಲವಿತ್ತು. ಕೋರ್ಸಿನ ಎರಡನೇ ಭಾಗಕ್ಕೆ ಹೋಗುವುದರೊಳಗೆ ಅವಳು ಒಂದು ತಂಡ ಕಟ್ಟಬೇಕಿತ್ತು. ಕಡಿಮೆಯೆಂದರೆ ಹದಿನಾಲ್ಕು ಜನ. ವಾರಕ್ಕೆ ಮೂರು ದಿನ ಅಭ್ಯಾಸ ಮಾಡಿಸಿ, ಮಾಡಿಸಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು, ಫೋನಿನಲ್ಲಿ ವಿಡಿಯೊ ಮಾಡಿ ಕಳಿಸಬೇಕು. ಹೆಡ್‌ಮೇಡಂ ಬೆಳಿಗ್ಗೆ ಆರೂವರೆಯಿಂದ ಶಾಲೆಯ ಮೈದಾನ ಬಳಸಲು ಒಪ್ಪಿದರು. ಹುಡುಗಿಯರನ್ನು ಮನೆಯವರು ಕಳಿಸಬೇಕಷ್ಟೆ. ಊರಿನ ಎಲ್ಲ ತಾಯಂದಿರನ್ನೂ ಅತ್ತೆ ಬಲ್ಲಳೆಂದು ಮಮತಾ, ಜೊತೆಗೆ ಬಂದು ಒಂದು ಮಾತು ಹೇಳಬೇಕೆಂದು ಕೇಳಿಕೊಂಡಳು.

“ನಾನು ಅನ್ನ ಹಾಕೋಳು. ಅದೊಂದು ನನ್ನ ಕೆಲಸ,” ಎಂದಳು ವನಜಮ್ಮ.

ಮಮತಾ ಒಬ್ಬಳೇ ಮನೆ ಮನೆಗೆ ಹೋದಳು. ಮೊದಲ ವಾರ ಒಂಬತ್ತು ಜನ ಬಂದರು. ಮುಂದಿನ ವಾರ ಹನ್ನೆರಡಾಯಿತು. ಪಕ್ಕದ ಊರಿಂದ ಸೈಕಲ್ಲಿನಲ್ಲಿ ನಾಲ್ವರು ಬಂದು ಹದಿನಾರಾಯಿತು. ಹದಿನಾರು ಜನರಲ್ಲಿ ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದವಳು ಇದೇ ಊರಿನ, ಏಳನೇ ಕ್ಲಾಸಿನ ನಾಗಶ್ರೀ. ತೆಳ್ಳಗಿನ ಹುಡುಗಿ. ಅಪ್ಪ ಎರಡು ವರ್ಷದ ಹಿಂದೆ ತೀರಿಕೊಂಡಿದ್ದ. ಅವ್ವ ಗುತ್ಯಮ್ಮ ಶುಂಠಿ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದಳು. ಮನೆಯಲ್ಲಿ ಅಜ್ಜಿ ಬಸವಣ್ಣೆಮ್ಮ.

ಸೆಪ್ಟೆಂಬರಿನ ಒಂದು ಸೋಮವಾರ ನಾಗಶ್ರೀ ಚೆಂಡಿನ ಹಿಂದೆ ಓಡುತ್ತ ಓಡುತ್ತ ಮೈದಾನದ ನಡುವೆ ಕುಸಿದುಬಿದ್ದಳು. ಮುಖಕ್ಕೆ ನೀರು ಹಾಕಿದರೂ ಸರಿಯಾಗಿ ಕಣ್ಣು ಬಿಡಲಿಲ್ಲ. ಪರಶುರಾಮ ಕೆಲಸಕ್ಕೆ ಹೊರಟಿದ್ದ. ಅವನ ಬೈಕಿನಲ್ಲಿ ಹುಡುಗಿಯನ್ನು ನಡುವೆ ಕೂರಿಸಿಕೊಂಡು ಮಮತಾ ಆನವಟ್ಟಿಗೆ ಡಾಕ್ಟರ ಹತ್ತಿರ ಹೋದಳು. ಅಷ್ಟರಲ್ಲಿ ಸುದ್ದಿ ಕೇಳಿ ಬಸವಣ್ಣೆಮ್ಮ ವನಜಮ್ಮನ ಬಾಗಿಲಿಗೆ ಬಂದಳು.

“ನಿನ್ನ ಸೊಸಿ ನನ್ನ ಮೊಮ್ಮಗಳನ್ನ ಓಡಿಸಿ ಓಡಿಸಿ ಕೆಡವ್ಯಾಳೆ,” ಎಂದು ಬೀದಿಗೆ ಕೇಳುವಂತೆ ಶುರುಮಾಡಿದಳು. ಹೆಣ್ಣುಮಕ್ಕಳಿಗೆ ಚಡ್ಡಿ ಹಾಕಿಸಿ ಕುಣಿಸುವುದು ಯಾವ ವಿದ್ಯೆ, ತನ್ನ ಕಾಲು ಮುರಿದುಕೊಂಡಿದ್ದು ಸಾಲದೆ ಊರ ಮಕ್ಕಳ ಕಾಲಿಗೂ ಬಂದಳೋ ಎಂದು ಬೈದಳು.

ಈ ಮಾತುಗಳನ್ನೇ ವನಜಮ್ಮ ಎರಡು ತಿಂಗಳಿಂದ ಮನೆಯೊಳಗೆ ಆಡುತ್ತಿದ್ದಳು. ಇನ್ನೊಬ್ಬರ ಬಾಯಿಂದ ಕೇಳಿದಾಗ ಅವಳಿಗೆ ತಡೆಯಲಾಗಲಿಲ್ಲ.

“ಹುಡುಗಿ ಬೆಳಿಗ್ಗೆ ಏನು ತಿಂದು ಹೋಗಿತ್ತು ಬಸವಣ್ಣಕ್ಕ?” ಎಂದು ಕೇಳಿದಳು.

ಬಸವಣ್ಣೆಮ್ಮ ಮಾತು ನಿಲ್ಲಿಸಿದಳು.

“ನಿನ್ನೆ ಏನು ಉಂಡಿತ್ತು?”

ಉತ್ತರ ವನಜಮ್ಮನಿಗೆ ಗೊತ್ತಿತ್ತು. ಭಾನುವಾರ ಶಾಲೆ ಇರುವುದಿಲ್ಲ. ಸೋಮವಾರ ಬಂತೆಂದರೆ ನಾಗಶ್ರೀ ಮೂರು ಸಲ ಅನ್ನಕ್ಕೆ ಬರುತ್ತಿದ್ದಳು. ವನಜಮ್ಮ ಯಾರಿಗೂ ಕಾಣದಂತೆ ಸೌಟು ತುಂಬಿ ಹಾಕುತ್ತಿದ್ದಳು. ಕೇಳಿದ ಮೇಲೆ, ಕೇಳಬಾರದಿತ್ತು ಅನ್ನಿಸಿತು. ಬಸವಣ್ಣೆಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸೊಸೆ ಐದು ಗಂಟೆಗೇ ಕೂಲಿಯವರ ಗಾಡಿ ಹತ್ತಿ ಹೋಗುತ್ತಾಳೆ, ತನಗೆ ಕಣ್ಣು ಮಂಜು, ಒಲೆಯ ಬೆಂಕಿ ಕಾಣುವುದಿಲ್ಲ ಎಂದು ಸಣ್ಣ ದನಿಯಲ್ಲಿ ಹೇಳಿದಳು. ವನಜಮ್ಮ ಚಹಾ ಮಾಡಿ ಕೊಟ್ಟಳು. ಇಬ್ಬರೂ ಬೈಕು ಬರುವವರೆಗೆ ಅಲ್ಲೇ ಕೂತಿದ್ದರು.

ಡಾಕ್ಟರು ಹುಡುಗಿಗೆ ಕಾಯಿಲೆಯೇನೂ ಇಲ್ಲ, ಹೊಟ್ಟೆ ಖಾಲಿ ಎಂದಿದ್ದರು. ಅವತ್ತು ಸಂಜೆ ಮಮತಾ ಅಕ್ಕಿ ಆರಿಸುತ್ತ, ತಪ್ಪು ತನ್ನದೇ ಎಂದಳು. ಮಕ್ಕಳು ಏನು ತಿಂದು ಬಂದಿದ್ದಾರೆಂದು ಮೊದಲು ಕೇಳಬೇಕೆಂದು ಕೋರ್ಸಿನಲ್ಲಿ ಹೇಳಿಕೊಟ್ಟಿದ್ದರು. ತಾನು ಬರೆದುಕೊಂಡಿದ್ದಳು, ಕೇಳಿರಲಿಲ್ಲ. ಅಭ್ಯಾಸ ನಿಲ್ಲಿಸಿಬಿಡುತ್ತೇನೆ ಎಂದಳು. ವನಜಮ್ಮ ಸಮಾಧಾನದ ಮಾತೇನೂ ಆಡಲಿಲ್ಲ. ಒಟ್ಟು ಎಷ್ಟು ಜನ ಹುಡುಗಿಯರು ಎಂದಷ್ಟೇ ವಿಚಾರಿಸಿದಳು.

ಮುಂದಿನ ಅಭ್ಯಾಸದ ದಿನ ಅವಳು ಐದು ಗಂಟೆಗೆ ದೊಡ್ಡ ಪಾತ್ರೆಯಲ್ಲಿ ರಾಗಿ ಗಂಜಿ ಕಾಸಿ, ಮಜ್ಜಿಗೆ ಬೆರೆಸಿ, ಗಂಡನ ತಲೆಯ ಮೇಲೆ ಹೊರಿಸಿಕೊಂಡು ಮೈದಾನಕ್ಕೆ ಬಂದಳು. ಓಡುವ ಮುಂಚೆ ಅರ್ಧ ಲೋಟ ಸಾಕು, ಉಳಿದದ್ದು ಆಟ ಮುಗಿದ ಮೇಲೆ ಎಂದಳು ಮಮತಾ. ಇಷ್ಟು ವರ್ಷ ನೂರಾರು ಮಕ್ಕಳಿಗೆ ಉಣ್ಣಿಸಿದವಳಿಗೆ ಅಳತೆ ಹೇಳಿಕೊಡುತ್ತೀಯಾ ಎಂದು ವನಜಮ್ಮ ಎಲ್ಲರಿಗೂ ತುಂಬಿ ಕೊಟ್ಟಳು. ಹದಿನೈದು ನಿಮಿಷ ಓಡಿದ ಮೇಲೆ ಮೂವರು ಬೇಲಿಯ ಹತ್ತಿರ ಹೋಗಿ ವಾಂತಿ ಮಾಡಿದರು. ಮುಂದಿನ ಸಲದಿಂದ ಅರ್ಧ ಲೋಟವೇ ಆಯಿತು.

ಗಂಜಿ ತಂದವಳು ಲೋಟ ತೊಳೆದುಕೊಂಡು ಹೋಗಬೇಕಲ್ಲ. ಹಾಗಾಗಿ ವನಜಮ್ಮ ಅಭ್ಯಾಸ ಮುಗಿಯುವವರೆಗೆ ಕಟ್ಟೆಯ ಮೇಲೆ ಕೂರುತ್ತಿದ್ದಳು. ಮನೆಯಲ್ಲಿ ಕರೆದರೆ ಮಾತ್ರ ಓಗೊಡುವ ಸೊಸೆ ಅಲ್ಲಿ ಬೇರೆಯವಳಾಗಿ ಕಂಡಳು. ಅವಳ ಧ್ವನಿ ರಸ್ತೆಯವರೆಗೆ ಕೇಳುತ್ತಿತ್ತು. ತಪ್ಪಿ ಒದ್ದವಳನ್ನು ಬೈಯುತ್ತಿರಲಿಲ್ಲ. ಹತ್ತಿರ ಹೋಗಿ, ಎಲ್ಲಿ ನಿಲ್ಲಬೇಕಿತ್ತೆಂದು ತನ್ನ ಕಾಲಿನಿಂದಲೇ ನೆಲದ ಮೇಲೆ ಗೆರೆ ಎಳೆದು ತೋರಿಸುತ್ತಿದ್ದಳು. ಅದೇ ಹುಡುಗಿ ಎರಡನೇ ಸಲ ಸರಿಯಾಗಿ ನಿಂತಾಗ ವನಜಮ್ಮನಿಗೂ ಒಳಗೇ ಒಂದು ಬಗೆಯ ಸಮಾಧಾನವಾಗುತ್ತಿತ್ತು. ದಸರಾ ರಜೆಯ ಹೊತ್ತಿಗೆ ಅವಳು ಊಟದ ಹೊತ್ತಿನಲ್ಲಿ, ನಾಗಶ್ರೀ ಚೆಂಡನ್ನು ಯಾರಿಗೂ ಕೊಡುವುದಿಲ್ಲ, ಅದನ್ನು ಸ್ವಲ್ಪ ನೋಡು ಎಂದು ಸೊಸೆಗೆ ಹೇಳುವಷ್ಟಾಗಿದ್ದಳು. ಪರಶುರಾಮ ನಕ್ಕರೆ ಅವನ ತಟ್ಟೆಗೆ ಸಾರು ಕಡಿಮೆ ಬೀಳುತ್ತಿತ್ತು.

ಆದರೂ ಅಡುಗೆ ಕೆಲಸದ ಮಾತು ಹಾಗೇ ಉಳಿದಿತ್ತು. ನವೆಂಬರಿನ ಕೊನೆಯೊಳಗೆ ಸಮಿತಿಗೆ ಹೆಸರು ಕೊಡಬೇಕು. ಸೊಸೆ ಕೋರ್ಸು ಮುಗಿಸಿ ಬಂದ ಮೇಲೆ ನಿಧಾನವಾಗಿ ಹೇಳಿದರೆ ಒಪ್ಪುತ್ತಾಳೆಂಬ ಆಸೆ ವನಜಮ್ಮನಿಗಿತ್ತು. ಶಿಕಾರಿಪುರದ ಒಂದು ವಸತಿ ಶಾಲೆಯವರು ಲೈಸೆನ್ಸ್ ಇದ್ದರೆ ಹುಡುಗಿಯರಿಗೆ ಕಲಿಸಲು ಬನ್ನಿ ಎಂದಿದ್ದಾರೆಂದು ಮಮತಾ ಹೇಳಿದಾಗ, ಅದನ್ನು ಅವಳು ಕೇಳಿಯೂ ಕೇಳದಂತಿದ್ದಳು.

ನವೆಂಬರಿನ ಮೊದಲ ವಾರ ಮಮತಾ ಎರಡನೇ ಭಾಗಕ್ಕೆ ಹೋದಳು. ಎಂಟು ದಿನ ಬಿಟ್ಟು ಬಂದವಳು ಬಸ್ಸಿಳಿದು ನೇರ ಬಚ್ಚಲಿಗೆ ಹೋಗಿ ಬಹಳ ಹೊತ್ತು ಬಾಗಿಲು ತೆಗೆಯಲಿಲ್ಲ. ಬರವಣಿಗೆಯ ಪರೀಕ್ಷೆ ಪಾಸಾಗಿತ್ತು. ಮೈದಾನದ ಪರೀಕ್ಷೆಯಲ್ಲಿ ಸೋತಿದ್ದಳು. ಗುರುತಿಲ್ಲದ ಹುಡುಗಿಯರಿಗೆ ಅರ್ಧ ಗಂಟೆ ಪಾಠ ಮಾಡಬೇಕಿತ್ತು, ಇಂಗ್ಲಿಷಿನಲ್ಲಿ. ಅಡುಗೆಮನೆಯಲ್ಲಿ ಪಾತ್ರೆಗಳ ಮುಂದೆ ಹೇಳಿ ಹೇಳಿ ಬಾಯಿಪಾಠ ಮಾಡಿಕೊಂಡಿದ್ದಳು. ಅಲ್ಲಿ ಒಬ್ಬ ಹುಡುಗಿ ತಪ್ಪಾಗಿ ಓಡಿದಾಗ ಬಾಯಿಂದ ಕನ್ನಡ ಬಂದುಬಿಟ್ಟಿತು. ಪರೀಕ್ಷಕರು ತಲೆ ಎತ್ತಿದರು. ಆಮೇಲೆ ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಹೊತ್ತು ಮುಗಿದುಹೋಯಿತು. ಜನವರಿಯಲ್ಲಿ ಇನ್ನೊಂದು ಸಲ ಬರಬಹುದೆಂದು ಹೇಳಿ ಕಳಿಸಿದ್ದರು.

ಊಟಕ್ಕೆ ಕೂತಾಗ ಮಮತಾ ತಾನಾಗಿಯೇ ಹೇಳಿದಳು. “ಸಾಕು ಅತ್ತೆ. ಹೆಡ್‌ಮೇಡಂ ಹತ್ರ ನನ್ನ ಹೆಸರು ಕೊಡಿ. ಅಡುಗೆ ಕೆಲಸಕ್ಕೆ ಬರ್ತೀನಿ.”

ಪರಶುರಾಮನಿಗೆ ಉಸಿರು ಬಂದಂತಾಯಿತು. ಸಣ್ಣಬೀರಪ್ಪ ಮಜ್ಜಿಗೆ ಕುಡಿದ. ಜುಲೈಯಿಂದ ಕಾದಿದ್ದ ಮಾತು ವನಜಮ್ಮನ ಕಿವಿಗೆ ಬಿದ್ದಿತ್ತು. ಖುಷಿಯಾಗಬೇಕಿತ್ತು, ಆಗಲಿಲ್ಲ. ಅವಳು ಹೂಂ ಎಂದು ಎದ್ದು ಪಾತ್ರೆ ತೊಳೆಯಲು ಹೋದಳು.

ಮರುದಿನ ಬೆಳಿಗ್ಗೆ ಮಮತಾ ಮೈದಾನಕ್ಕೆ ಹೋಗಲಿಲ್ಲ. ಹುಡುಗಿಯರು ಕಾದು ಕಾದು ಮನೆಯ ಹತ್ತಿರ ಬಂದರು. ಮೇಡಂಗೆ ಹುಷಾರಿಲ್ಲ ಎಂದು ವನಜಮ್ಮ ಕಳಿಸಿದಳು. ಮಮತಾ ಕೊಟ್ಟಿಗೆಯಲ್ಲಿ ಕುರಿಗಳ ಕಾಲಿಗೆ ಔಷಧಿ ಹಚ್ಚುತ್ತ, ಹೊರಗಿನ ಮಾತು ಕೇಳಿಸಿದರೂ ತಲೆ ಎತ್ತಲಿಲ್ಲ. ಎರಡನೇ ದಿನವೂ ಹಾಗೇ. ಮೂರನೇ ದಿನ ಮಧ್ಯಾಹ್ನ ಶಾಲೆಯಲ್ಲಿ ಊಟಕ್ಕೆ ಸಾಲು ನಿಂತಾಗ ನಾಗಶ್ರೀ ತಟ್ಟೆ ಹಿಡಿದು, ತಾವು ಸರಿಯಾಗಿ ಆಡಲಿಲ್ಲವೆಂದು ಮೇಡಂ ಫೇಲಾದರೇ ಎಂದು ಕೇಳಿದಳು. ವನಜಮ್ಮ ಅವಳ ತಟ್ಟೆಗೆ ಅನ್ನ ಹಾಕಿ, ಮುಂದೆ ಹೋಗು ಎಂದಳು.

ಗುರುವಾರ ಸಮಿತಿಯ ಸಭೆ ಇತ್ತು. ಹೆಡ್‌ಮೇಡಂ ಕಾಗದ ಮುಂದಿಟ್ಟು, ಸೊಸೆಯ ಹೆಸರೇ ತಾನೇ ಎಂದು ಕೇಳಿದರು. ವನಜಮ್ಮ ಸೆರಗಿನಿಂದ ಕೈ ಒರೆಸಿಕೊಂಡು, ಅಲ್ಲ, ಗುತ್ಯಮ್ಮನದು ಬರೆದುಕೊಳ್ಳಿ ಎಂದಳು. ನಾಗಶ್ರೀಯ ಅವ್ವ, ಗಂಡನಿಲ್ಲದವಳು, ಕೈ ಚುರುಕು, ದೂರದ ಕೂಲಿಗೆ ಹೋಗಿ ಸಾಯುತ್ತಿದ್ದಾಳೆ ಎಂದು ವಿವರಿಸಿದಳು. ಸಮಿತಿಯವರು ಒಪ್ಪಿದರು.

ಸುದ್ದಿ ಅವಳಿಗಿಂತ ಮುಂಚೆ ಮನೆ ಸೇರಿತ್ತು. ಪರಶುರಾಮ ಬಾಗಿಲಲ್ಲೇ ತಡೆದ.

“ಅವಳೇ ಬರ್ತೀನಿ ಅಂದ್ಲಲ್ಲವ್ವ. ಈಗ ಅದೂ ಹೋತು, ಇದೂ ಹೋತು. ಏನು ಮಾಡಿಟ್ಟೆ ನೀನು?”

“ಆ ಕೆಲಸ ಸಿಕ್ರೆ ಅವಳು ಜನವರಿಗೆ ಪರೀಕ್ಷೆಗೆ ಹೋಗಲ್ಲ,” ಎಂದಳು ವನಜಮ್ಮ. “ಮುಂದಿನ ವರ್ಷ ನೋಡಾಣ ಅಂತಾಳೆ. ಆಮೇಲೆ ಅದನ್ನೂ ಅನ್ನಲ್ಲ. ನಾನು ಅಡುಗೆಗೆ ಸೇರಿದಾಗ ಎರಡು ವರ್ಷ ಮಾಡಿ ಬಿಡ್ತೀನಿ ಅಂದಿದ್ದೆ.”

“ಅವಳು ಫೇಲಾಗಿ ಬಂದದಾಳೆ.”

“ಒಂದು ಸಲ ಫೇಲಾಗ್ಯಾಳೆ. ಅದಕ್ಕೇನೀಗ.”

ಮಮತಾ ಒಳಗಿಂದ ಬಂದಳು. ಅವಳ ಕೈಯಲ್ಲಿ ಕುರಿ ಔಷಧಿಯ ಬಾಟಲಿ ಇತ್ತು. ಕೂಗಾಡಲಿಲ್ಲ.

“ಜುಲೈನಲ್ಲಿ ನನ್ನ ಕೇಳದೆ ನನ್ನ ಹೆಸರು ಹೇಳಿ ಬಂದ್ರಿ. ಈಗ ಕೇಳದೆ ತೆಗೆಸಿ ಬಂದ್ರಿ. ಎರಡು ಸಲನೂ ನನಗೆ ಒಳ್ಳೇದಾಗ್ಲಿ ಅಂತಲೇ ಮಾಡಿದ್ದು, ಗೊತ್ತು. ಆದ್ರೆ ನಾನು ಈ ಮನೇಲೇ ಇದ್ದೀನಲ್ಲ ಅತ್ತೆ. ಒಂದು ಮಾತು ಕೇಳಿದ್ರೆ ಎಂತ ಆಗ್ತಿತ್ತು?”

ದಿವ್ಯಾ ಅಮ್ಮನ ಮುಖ, ಅಜ್ಜಿಯ ಮುಖ ನೋಡುತ್ತ ನಿಂತಿತ್ತು. ಸಣ್ಣಬೀರಪ್ಪ ಅದನ್ನು ಎತ್ತಿಕೊಂಡು ಹೊರಗೆ ಹೋದ.

ಆಮೇಲೆ ಹತ್ತು ದಿನ ಅತ್ತೆ ಸೊಸೆ ಮಾತು ಬಿಟ್ಟರು. ಕೆಲಸ ಯಾವುದೂ ನಿಲ್ಲಲಿಲ್ಲ. ಒಬ್ಬಳು ರೊಟ್ಟಿ ತಟ್ಟಿದರೆ ಇನ್ನೊಬ್ಬಳು ಬೇಯಿಸಿದಳು. ಉಪ್ಪು ಬೇಕಾದರೆ ಮಗುವಿನ ಮೂಲಕ ಕೇಳಿದರು. ಗೋವಿನಜೋಳದ ತೆನೆ ಮುರಿಯಲು ಎಲ್ಲರೂ ಹೊಲಕ್ಕೆ ಹೋದಾಗ ಇಬ್ಬರೂ ಬೇರೆ ಬೇರೆ ಸಾಲು ಹಿಡಿದರು. ಪರಶುರಾಮ ಇಬ್ಬರ ನಡುವೆ ಚೀಲ ಹೊರುತ್ತ ಒದ್ದಾಡಿದ.

ನವೆಂಬರಿನ ಕೊನೆಯ ಶನಿವಾರ ಶಾಲೆಯಲ್ಲಿ ವನಜಮ್ಮನ ಕೊನೆಯ ದಿನ. ಮಕ್ಕಳು ಸೇವಂತಿಗೆ ಹಾರ ಹಾಕಿದರು, ಮೇಷ್ಟರುಗಳು ಸೇರಿ ಸೀರೆ ಕೊಟ್ಟರು. ಗುತ್ಯಮ್ಮ ಅಳತೊಡಗಿದಾಗ ವನಜಮ್ಮ ಅವಳಿಗೆ ಬೇಳೆ ಎಷ್ಟು ಹೊತ್ತು ಬೇಯಬೇಕೆಂದು ಹೇಳಿಕೊಟ್ಟು ಹೊರಟಳು. ಮನೆಗೆ ಬಂದಾಗ ಮಮತಾ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ವನಜಮ್ಮ ಹಾರವನ್ನು ಬೇಲಿಗೆ ತೂಗುಹಾಕಿ, ಒಗೆದ ಸೀರೆಯ ಒಂದು ತುದಿ ಹಿಡಿದು ಹಿಂಡಲು ನಿಂತಳು.

“ಕೇಳಬೇಕಿತ್ತು. ಕೇಳಲಿಲ್ಲ. ತಪ್ಪಾತು,” ಎಂದಳು.

ಮಮತಾ ಇನ್ನೊಂದು ತುದಿ ತಿರುಚಿದಳು. ನೀರು ಸುರಿಯಿತು.

“ಈಗ ಕೇಳ್ತೀನಿ. ಜನವರಿಗೆ ಹೋಗ್ತೀಯೋ ಇಲ್ಲೋ? ಇಲ್ಲ ಅಂದ್ರೆ ಇಲ್ಲ. ಮತ್ತೆ ಕೇಳಲ್ಲ.”

ಮಮತಾ ಸೀರೆಯನ್ನು ತಂತಿಯ ಮೇಲೆ ಹರವಿದಳು. ಆಮೇಲೆ, ಹೋಗಬೇಕೆಂದು ಆಸೆಯಿದೆ, ಆದರೆ ಅಲ್ಲಿ ನಿಂತರೆ ಮತ್ತೆ ನಾಲಿಗೆ ಕಟ್ಟುತ್ತದೆ ಎಂದಳು. ಆಡುವಾಗ ಕಾಲಿಗೆ ಎಲ್ಲ ಗೊತ್ತಿರುತ್ತಿತ್ತು, ಯಾರಿಗೂ ಹೇಳಬೇಕಾಗಿರಲಿಲ್ಲ. ಈಗ ಬರೀ ಹೇಳುವುದೇ ಕೆಲಸವಾಗಿದೆ ಎಂದಳು.

“ನನ್ನ ಮುಂದೆ ಹೇಳು,” ಎಂದಳು ವನಜಮ್ಮ. “ನನಗೆ ಇಂಗ್ಲಿಷೂ ಬರಲ್ಲ, ಆಟಾನೂ ಬರಲ್ಲ. ನನಗೆ ತಿಳಿಯಂಗೆ ಹೇಳಿದ್ರೆ ಯಾರಿಗಾದ್ರೂ ತಿಳೀತತಿ.”

ಹೀಗೆ ಡಿಸೆಂಬರ್ ಪೂರ್ತಿ ಆ ಮನೆಯ ಅಂಗಳದಲ್ಲಿ ಪಾಠ ನಡೆಯಿತು. ಪರಶುರಾಮ ಮಾರುಕಟ್ಟೆಯಿಂದ ಬಂದ ಮೇಲೆ, ಬೆಳಕಿರುವಾಗಲೇ, ಮೂವರೂ ಸಾಲಾಗಿ ನಿಲ್ಲಬೇಕು. ಪರಶುರಾಮ ಎಡಕ್ಕೆ, ವನಜಮ್ಮ ನಡುವೆ, ಸಣ್ಣಬೀರಪ್ಪ ಬಲಕ್ಕೆ. ಚೆಂಡು ಯಾವ ಕಡೆ ಬಂದರೆ ಸಾಲು ಹೇಗೆ ಸರಿಯಬೇಕೆಂದು ಮಮತಾ ಇಂಗ್ಲಿಷಿನಲ್ಲಿ ಹೇಳುವಳು. ಮೊದಮೊದಲು ಉದ್ದುದ್ದ ವಾಕ್ಯ ಹೇಳುತ್ತಿದ್ದಳು. ವನಜಮ್ಮ ತಿಳಿಯಲಿಲ್ಲ ಎಂದು ಅಲ್ಲೇ ನಿಂತುಬಿಡುತ್ತಿದ್ದಳು. ಬರಬರುತ್ತ ವಾಕ್ಯ ಸಣ್ಣದಾಯಿತು. ಒಂದು ಶಬ್ದ, ಒಂದು ಕೈಸನ್ನೆ, ಆಮೇಲೆ ತಾನೇ ಓಡಿ ತೋರಿಸುವುದು. ಶಾಲೆಯ ಹುಡುಗಿಯರಿಗೆ ಅವಳು ಮಾಡುತ್ತಿದ್ದುದೂ ಅದನ್ನೇ. ಸಣ್ಣಬೀರಪ್ಪ ಮಾತ್ರ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ಯಾವುದೋ ಕುರಿ ಕೆಮ್ಮಿತೆಂದು ನಡುವೆಯೇ ಬಿಟ್ಟು ಹೋಗುತ್ತಿದ್ದ. ಬಲಗಡೆ ಖಾಲಿಯಾಯಿತೆಂದು ವನಜಮ್ಮ ಗದರಿದಾಗ ಮಮತಾ ನಕ್ಕಳು. ನವೆಂಬರಿನ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಮೈದಾನದ ಅಭ್ಯಾಸವೂ ಮತ್ತೆ ಶುರುವಾಗಿತ್ತು. ಚಳಿಗಾಲವೆಂದು ಈಗ ದಿನಾ ಸಂಜೆ, ಶಾಲೆ ಬಿಟ್ಟ ಮೇಲೆ ಒಂದು ಗಂಟೆ. ಗುತ್ಯಮ್ಮ ಶಾಲೆಯಿಂದ ಹೋಗುವ ಮುಂಚೆ ಗಂಜಿ ಕಾಸಿ ಇಡುತ್ತಿದ್ದಳು. ಬಸವಣ್ಣೆಮ್ಮ ಕೋಲು ಊರಿಕೊಂಡು ಬಂದು, ಕಣ್ಣಿಗೆ ಕಾಣದಿದ್ದರೂ ಮೊಮ್ಮಗಳು ಯಾವ ಕಡೆ ಓಡಿದಳೆಂದು ಪಕ್ಕದವರನ್ನು ಕೇಳುತ್ತ ಕಟ್ಟೆಯ ಮೇಲೆ ಕೂರುತ್ತಿದ್ದಳು.

ಜನವರಿಯ ಮೂರನೇ ವಾರ ಮಮತಾ ಹೊರಟಳು. ಬಸ್ ಸ್ಟಾಪಿನಲ್ಲಿ ನಿಂತು ಅತ್ತೆಯ ಕೈಗೆ ಒಂದು ಸೀಟಿ ಕೊಟ್ಟಳು. ತಾನಿಲ್ಲದ ನಾಲ್ಕು ದಿನವೂ ಅಭ್ಯಾಸ ತಪ್ಪಬಾರದು, ಏನು ಮಾಡಬೇಕೆಂದು ಹುಡುಗಿಯರಿಗೆ ಗೊತ್ತಿದೆ, ನೀವು ಸುಮ್ಮನೆ ನಿಂತಿದ್ದರೆ ಸಾಕು, ಒಂದು ಗಂಟೆ ಪೂರ್ತಿಯಾಗುವವರೆಗೆ ಮಾತ್ರ ಯಾರನ್ನೂ ಬಿಡಬೇಡಿ ಎಂದಳು. ವನಜಮ್ಮ ಸೀಟಿಯನ್ನು ತಾಳಿಯ ಪಕ್ಕದಲ್ಲೇ ಕೊರಳಿಗೆ ಹಾಕಿಕೊಂಡಳು. ಮೊದಲ ದಿನ ಊದಲು ನಾಚಿಕೆಯಾಗಿ ಚಪ್ಪಾಳೆ ತಟ್ಟಿದಳು. ಎರಡನೇ ದಿನ ಊದಿದಳು. ಮೂರನೇ ದಿನ ರಸ್ತೆಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರಿನವನು ತನಗೇ ಊದಿದರೆಂದು ಗಾಡಿ ನಿಲ್ಲಿಸಿದ.

ನಾಲ್ಕನೇ ದಿನ ಅಭ್ಯಾಸದ ನಡುವೆ ಫೋನು ಬಂತು. ವನಜಮ್ಮ ಕಟ್ಟೆಯ ಕಡೆ ಎರಡು ಹೆಜ್ಜೆ ಸರಿದು ಕಿವಿಗೆ ಹಿಡಿದಳು. ಮಮತಾಳ ಫೋನು. ಪರೀಕ್ಷೆ ಏನಾಯಿತೆಂದು ಅವಳು ಹೇಳಿದಳು. ವನಜಮ್ಮ ಹೂಂ, ಹೂಂ ಎನ್ನುತ್ತ ಸೆರಗಿನ ತುದಿಯಿಂದ ಒಂದು ಕಣ್ಣು ಒರೆಸಿಕೊಂಡಳು. ಪರಶುಗೆ ಹೇಳಿದೆಯಾ ಎಂದು ಕೇಳಿದಳು. ಇಲ್ಲ, ಮೊದಲು ನಿಮಗೇ ಮಾಡಿದ್ದು ಎಂದಳು ಮಮತಾ. ಆಮೇಲೆ ಕೇಳಿದಳು.

“ಹುಡುಗಿಯರು ಎಂತ ಮಾಡ್ತಿದ್ದಾರೆ ಅತ್ತೆ?”

“ಆಡ್ತಿದ್ರು. ಈಗ ನಿಂತಾರೆ, ನನ್ನೇ ನೋಡ್ತಾರೆ.”

“ಟೈಮ್ ಎಷ್ಟು ಉಳಿದಿದೆ?”

“ಇಪ್ಪತ್ತು ನಿಮಿಷ ಐತೆ.”

“ಹಂಗಾದ್ರೆ ಫೋನ್ ಇಡ್ತೀನಿ,” ಎಂದಳು ಮಮತಾ.

ಹದಿನಾರೂ ಜನ ಓಡಿಬಂದು ಸುತ್ತ ನಿಂತರು. ಮೇಡಂ ಫೋನಾ, ಏನಾಯಿತು, ಪಾಸೋ ಅಲ್ಲವೋ ಎಂದು ಎಲ್ಲರೂ ಒಟ್ಟಿಗೇ ಕೇಳಿದರು. ಕಟ್ಟೆಯ ಮೇಲಿಂದ ಬಸವಣ್ಣೆಮ್ಮನೂ ಕೋಲು ಕುಟ್ಟಿ ಕೇಳಿದಳು. ವನಜಮ್ಮ ಫೋನನ್ನು ಎಲೆಯಡಿಕೆ ಚೀಲದೊಳಗೆ ಹಾಕಿ, ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಗಂಟೆ ಆಗಲಿ, ಹೇಳ್ತೀನಿ. ನಾಗಶ್ರೀ, ಚೆಂಡು ತಗಾ. ನಿನ್ನ ಹತ್ರನೇ ಇಟ್ಕಬೇಡ, ಆ ಕಡೆಯವಳಿಗೆ ಕೊಡು.”

ಅವಳ ಮುಖದಲ್ಲಿನ ನಗು ಕಂಡೇ ಹುಡುಗಿಯರಿಗೆ ಎಲ್ಲ ತಿಳಿದುಹೋಗಿತ್ತು. ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಓಡಿದರು. ವನಜಮ್ಮ ಸೀಟಿ ಊದಿದಳು. ನಾಗಶ್ರೀ ಚೆಂಡನ್ನು ಎಡಗಡೆಗೆ ಒದ್ದಳು. ಅಲ್ಲಿದ್ದವಳು ಅದನ್ನು ಹಿಡಿದು ಮುಂದೆ ಓಡಿದಳು.